ನಿಜ ಹೇಳಿದವನಿಗೆ ವಾರಂಟಿ ಇಲ್ಲ

ಹೋದ ವರ್ಷ ಏಪ್ರಿಲ್‌ನ ಒಂದು ಸೋಮವಾರ. ನಾನು ಅಂಗಡಿ ಶಟರ್ ಎತ್ತಲು ಹೋದಾಗ ಹನೂರಿನ ಸ್ಟುಡಿಯೋ ಹುಡುಗ ಆಗಲೇ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಹಳೇ ಜಮಖಾನದಲ್ಲಿ ಸುತ್ತಿದ ಸಿಪಿಯು. ಹನೂರಿನಿಂದ ಕೊಳ್ಳೇಗಾಲದವರೆಗೂ ಅದನ್ನು ಬೈಕಿನ ಟ್ಯಾಂಕಿನ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಬಂದಿದ್ದ.

"ಅಣ್ಣೋ, ರಾತ್ರ ಮೂರ್ ಸಲ ಆಫ್ ಆಗ್ಬುಡ್ತು ಕನಣ್ಣ. ರೆಂಡರ್‌ಗ ಆಕಿ ಮಲಿಕತ್ತೀನಿ, ಎದ್ದು ನೋಡುದ್ರ ನೀಲಿ ಸ್ಕ್ರೀನು. ಗುರುವಾರ ಮದ್ವ ಮನವ್ರು ಬತ್ತರ. ನಾನ್ ಏನಂತ ಏಳ್ಲಿ?"

ಆ ಯಂತ್ರ ಜೋಡಿಸಿ ಕೊಟ್ಟವನು ನಾನೇ, ಅದಕ್ಕೂ ಹದಿನಾಲ್ಕು ತಿಂಗಳ ಹಿಂದೆ. ಹದಿನಾರು ಕೋರಿನ ಪ್ರೊಸೆಸರ್, 64 ಜಿಬಿ ರ‍್ಯಾಮ್, ಎರಡು ಫ್ಯಾನಿನ ದೊಡ್ಡ ಕೂಲರ್. ಪ್ರೊಸೆಸರ್ ಒಂದಕ್ಕೇ ನಲವತ್ತು ಸಾವಿರದ ಮೇಲೆ. ಆ ದುಡ್ಡಿಗೆ ಹುಡುಗನ ಅಕ್ಕನ ಸರ ಅಡವಾಗಿತ್ತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಆರ್ಡರ್ ಹಾಕಿದಾಗ ಬೆಂಗಳೂರಿನ ಎಸ್‌.ಪಿ. ರೋಡಿನ ಡೀಲರು "ಹನೂರಲ್ಲಿ ಯಾರಿಗ್ರೀ ಇಷ್ಟು ದೊಡ್ಡ ಪ್ರೊಸೆಸರ್ರು" ಅಂತ ಫೋನಿನಲ್ಲೇ ನಕ್ಕಿದ್ದರು. ಅವರಿಗೇನು ಗೊತ್ತು ನಮ್ಮ ಕಡೆಯ ಮದುವೆ? ಎರಡು ಕ್ಯಾಮೆರಾ, ಮೇಲೊಂದು ಡ್ರೋನು, ಛತ್ರದ ಮುಂದೆ ಎಲ್‌ಇಡಿ ಪರದೆ. ಚಪ್ಪರದಿಂದ ಹಿಡಿದು ಬೀಗರೂಟದವರೆಗೆ ಎಲ್ಲವೂ ಫೋರ್‌ಕೆ. ಮದುವೆ ಮುಗಿದರೆ ಮಹದೇಶ್ವರ ಬೆಟ್ಟದ ಜಾತ್ರೆ, ಚಿಕ್ಕಲ್ಲೂರು ಜಾತ್ರೆ, ಊರೂರಿನ ಹಬ್ಬ, ಅವೆಲ್ಲದರ ಯೂಟ್ಯೂಬ್ ವಿಡಿಯೋ. ಯಳಂದೂರಿನಲ್ಲಿ ಮನೆ ನಕ್ಷೆ ಹಾಕುವ ಇಂಜಿನಿಯರ್‌ಗೂ ಈಗ ಬರೀ ಗೆರೆ ಸಾಲದು. ಕಟ್ಟದೇ ಇರುವ ಮನೆಯೊಳಗೆ ಮಾಲೀಕನನ್ನು ಓಡಾಡಿಸಿ ತೋರಿಸಬೇಕು. ಇವರಿಗೆಲ್ಲ ಕೋರು ಎಷ್ಟಿದ್ದರೂ ಸಾಲದು.

ಇಪ್ಪತ್ತೆರಡು ವರ್ಷದಿಂದ ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವುದು, ಕೆಟ್ಟದ್ದನ್ನು ಬಿಚ್ಚಿ ನೋಡುವುದು ನನ್ನ ಕಸುಬು. ಕೋರು ಅಂದರೇನು, ಕ್ಲಾಕು ಅಂದರೇನು ಎಂದು ಕೇಳುವ ಗಿರಾಕಿಗೆ ನಾನು ರೇಷ್ಮೆಯಿಂದ ಶುರು ಮಾಡುತ್ತೇನೆ. ನಮ್ಮಪ್ಪ ರೀಲಿಂಗ್ ಕೆಲಸದವರು. ಬಿಸಿನೀರಿನ ತೊಟ್ಟಿಯಲ್ಲಿ ಗೂಡು ತೇಲುತ್ತಿರುತ್ತವೆ, ಏಳೆಂಟು ಗೂಡಿನ ಎಳೆ ಕೂಡಿ ಒಂದು ದಾರವಾಗಿ ಮೇಲೆ ರಾಟೆಗೆ ಸುತ್ತಿಕೊಳ್ಳುತ್ತದೆ. ಒಂದೊಂದು ತೊಟ್ಟಿಯೂ ಒಂದೊಂದು ಕೋರು ಅಂದುಕೊಳ್ಳಿ. ರಾಟೆ ತಿರುಗುವ ವೇಗವೇ ಕ್ಲಾಕು. ಸಂಜೆಯೊಳಗೆ ಹೆಚ್ಚು ನೂಲು ಬೇಕಾದರೆ ತೊಟ್ಟಿ ಹೆಚ್ಚಿಸಬೇಕು, ಇಲ್ಲವೇ ರಾಟೆಯನ್ನು ಜೋರಾಗಿ ತಿರುಗಿಸಬೇಕು. ಜೋರಾದರೆ ಎಳೆ ಕಡಿಯುತ್ತದೆ. ಕಡಿಯದಿರಲಿ ಅಂತ ನೀರನ್ನು ಇನ್ನಷ್ಟು ಕಾಯಿಸಿದರೆ ಎಳೆ ಸಲೀಸಾಗಿ ಬಿಡುತ್ತದೆ, ನಿಜ. ಹೊತ್ತು ಹೋದ ಹಾಗೆ ಗೂಡು ಬೆಂದು ಮುದ್ದೆಯಾಗುತ್ತದೆ. ಪ್ರೊಸೆಸರಿನಲ್ಲಿ ಆ ಬಿಸಿನೀರಿನ ಜಾಗದಲ್ಲಿ ವೋಲ್ಟೇಜ್ ಇದೆ. ಕಂಪನಿ ಗೊತ್ತು ಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವುದೇ ಓವರ್‌ಕ್ಲಾಕಿಂಗ್. ಜೋರಾಗಿ ಓಡಿದರೂ ಕಡಿಯದಿರಲಿ ಅಂತ ವೋಲ್ಟೇಜ್ ಏರಿಸುತ್ತೇವೆ.

ಇದರ ಲೆಕ್ಕ ಮಾತ್ರ ರಾಟೆಗಿಂತ ಕ್ರೂರ. ಪ್ರೊಸೆಸರ್ ನುಂಗುವ ವಿದ್ಯುತ್ತು ವೇಗ ಏರಿದಷ್ಟೇ ಏರುತ್ತದೆ. ವೋಲ್ಟೇಜ್ ಏರಿದರೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗವನ್ನು ನೂರಕ್ಕೆ ಹತ್ತು ಹೆಚ್ಚಿಸಿ, ಅದಕ್ಕಾಗಿ ವೋಲ್ಟೇಜನ್ನು 1.2ರಿಂದ 1.35ಕ್ಕೆ ತಂದರೆ ಬಿಸಿ ಹತ್ತಿರಹತ್ತಿರ ನೂರಕ್ಕೆ 39 ಏರುತ್ತದೆ. ಹತ್ತು ರೂಪಾಯಿ ಲಾಭಕ್ಕೆ ಮೂವತ್ತೊಂಬತ್ತು ರೂಪಾಯಿ ಸೌದೆ. ನಾಲ್ಕು ಕೋರಿನ ಪ್ರೊಸೆಸರಿನಲ್ಲಿ ಇದು ನಡೆದುಹೋಗುತ್ತಿತ್ತು. ಹದಿನಾರು ಕೋರುಗಳನ್ನು ಉಗುರಗಲದ ಒಂದೆರಡು ಚೂರುಗಳಲ್ಲಿ ತುರುಕಿ ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಸಾಲದ್ದಕ್ಕೆ ಹದಿನಾರರಲ್ಲಿ ಒಂದು ಕೋರು ಸೋಂಬೇರಿಯಾಗಿದ್ದರೂ ಉಳಿದ ಹದಿನೈದೂ ಅದರ ಮಟ್ಟಕ್ಕೆ ಇಳಿಯಬೇಕು, ಇಲ್ಲವೇ ಅದೊಂದಕ್ಕಾಗಿ ಎಲ್ಲಕ್ಕೂ ವೋಲ್ಟೇಜ್ ಏರಿಸಬೇಕು. ಹನೂರಿನ ಆ ಸ್ಟುಡಿಯೋಗೆ ಮೇಲೆ ಶೀಟು, ಮೂರು ಕಡೆ ಗೋಡೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಐದು ನಿಮಿಷ ಕೂರಲು ನನಗೇ ಆಗುವುದಿಲ್ಲ.

ಇಷ್ಟು ಗೊತ್ತಿದ್ದೂ ಆ ಯಂತ್ರವನ್ನು ಓವರ್‌ಕ್ಲಾಕ್ ಮಾಡಿಕೊಟ್ಟವನು ನಾನು. ಹುಡುಗ ಕೇಳಿರಲಿಲ್ಲ. ಡೆಲಿವರಿ ದಿನ ಅವನ ಎದುರಿಗೆ ಬಯೋಸ್, ಅಂದರೆ ಯಂತ್ರದ ಮೂಲ ಸೆಟ್ಟಿಂಗಿನ ಪರದೆ, ತೆರೆದೆ. ಮದರ್‌ಬೋರ್ಡ್ ಕಂಪನಿಯವರು ಮುಖಪುಟದಲ್ಲೇ ಒಂದು ಗುಂಡಿ ಇಟ್ಟಿದ್ದರು, ರಾಕೆಟ್ ಚಿತ್ರದ ಜೊತೆ. ಒತ್ತಿದೆ. ನೂರು ನಿಮಿಷ ಹಿಡಿಯುತ್ತಿದ್ದ ಒಂದು ರೆಂಡರ್ ತೊಂಬತ್ನಾಲ್ಕಕ್ಕೆ ಬಂತು. ಹುಡುಗನ ಮುಖ ಅರಳಿತು. ಆರು ನಿಮಿಷಕ್ಕೆ ಅರಳಿದ ಮುಖ ನೋಡಿ ನನಗೂ ಖುಷಿ. ಅವನು ರಾತ್ರಿ ರೆಂಡರ್‌ಗೆ ಹಾಕಿ ಮಲಗುವವನು, ಆರು ನಿಮಿಷ ಅವನಿಗೆ ಯಾತಕ್ಕೆ ಅಂತ ಆವತ್ತು ನನಗೆ ಹೊಳೆಯಲಿಲ್ಲ.

ಇನ್ನೊಂದು ಒಪ್ಪಿಕೊಳ್ಳಬೇಕು. ರ‍್ಯಾಮ್ ಬಾಕ್ಸಿನ ಮೇಲೆ 6000 ಅಂತ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಬೋರ್ಡಿಗೆ ಚುಚ್ಚಿದರೆ ಸಾಮಾನ್ಯವಾಗಿ 4800ಕ್ಕೆ ಓಡುತ್ತದೆ. ಬಾಕ್ಸಿನ ಮೇಲಿರುವ ಅಂಕಿ ಸಿಗಬೇಕಾದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವುದನ್ನು ಆನ್ ಮಾಡಬೇಕು. ಆ ಒಂದು ಕ್ಲಿಕ್ಕನ್ನೂ ಪ್ರೊಸೆಸರ್ ಕಂಪನಿಗಳು ಓವರ್‌ಕ್ಲಾಕಿಂಗ್ ಲೆಕ್ಕಕ್ಕೇ ಸೇರಿಸುತ್ತವೆ. ನಾನು ಅದನ್ನು ಎಷ್ಟು ನೂರು ಯಂತ್ರಗಳಲ್ಲಿ ಆನ್ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಒಬ್ಬ ಗಿರಾಕಿಗೂ 'ಇದರಿಂದ ವಾರಂಟಿಗೆ ತೊಂದರೆ ಬರಬಹುದು' ಅಂತ ಹೇಳಿದ್ದಿಲ್ಲ. ಯಾವ ಅಂಗಡಿಯವರೂ ಹೇಳುವುದಿಲ್ಲ.

ಸರಿ, ಆ ಸೋಮವಾರ ಬಿಚ್ಚಿ ನೋಡಿದೆ. ಎಲ್ಲ ಸೆಟ್ಟಿಂಗನ್ನೂ ಮೊದಲಿನ ಸ್ಥಿತಿಗೆ ತಂದರೂ ಭಾರ ಬಿದ್ದ ಅರ್ಧ ಗಂಟೆಯಲ್ಲಿ ಕುಸಿಯುತ್ತಿತ್ತು. ರ‍್ಯಾಮ್ ಬದಲಿಸಿದೆ, ಎಸ್‌ಎಂಪಿಎಸ್ ಬದಲಿಸಿದೆ, ಬೋರ್ಡು ಬದಲಿಸಿದೆ. ಪ್ರೊಸೆಸರೇ ಹೋಗಿತ್ತು. ವಾರಂಟಿ ಮೂರು ವರ್ಷ, ಬಾಕ್ಸ್ ಪೀಸ್, ಬಿಲ್ಲು ಪಕ್ಕಾ. ಸರ್ವಿಸ್ ಸೆಂಟರಿಗೆ ಬರೆದೆವು. ಒಂದು ಫಾರಂ ಕಳಿಸಿದರು. ಏಳನೆಯದೋ ಎಂಟನೆಯದೋ ಪ್ರಶ್ನೆ: ಈ ಪ್ರೊಸೆಸರನ್ನು ಎಂದಾದರೂ ಓವರ್‌ಕ್ಲಾಕ್ ಮಾಡಲಾಗಿತ್ತೇ? ಹುಡುಗ ನನ್ನ ಮುಖ ನೋಡಿದ. "ಇದ್ದುದ್ದ ಇದ್ದಂಗ ಬರೀ" ಅಂದೆ. ಬರೆದ. ನಾಲ್ಕನೇ ದಿನ ಎರಡು ಸಾಲಿನ ಇಮೇಲ್ ಬಂತು: ನಿಗದಿತ ಮಿತಿಯ ಹೊರಗೆ ಬಳಸಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ, ನಿಮ್ಮ ದಿನ ಶುಭವಾಗಿರಲಿ. ಪ್ರೊಸೆಸರನ್ನು ಅವರು ನೋಡಲೇ ಇಲ್ಲ. ಅದು ನನ್ನ ಡ್ರಾಯರಿನಲ್ಲೇ ಇತ್ತು.

ಅದಾಗಿ ಎರಡು ತಿಂಗಳಿಗೆ ಯಳಂದೂರಿನ ನನ್ನ ಇನ್ನೊಬ್ಬ ಗಿರಾಕಿಯದೂ ಕೆಟ್ಟಿತು. ಅದೇ ಮಾಡೆಲ್ಲು, ಅದೇ ರೋಗ. ಆತ ತನ್ನ ಯಂತ್ರವನ್ನು ಹುಡುಗನಿಗಿಂತ ಎರಡು ಪಟ್ಟು ಹಿಂಡಿದ್ದ ಮನುಷ್ಯ; ರಾತ್ರಿಯೆಲ್ಲ ವಿಡಿಯೋ ನೋಡಿ ವೋಲ್ಟೇಜ್ ತಿದ್ದುವುದು ಅವನಿಗೆ ಹುಚ್ಚು. ಅದೇ ಫಾರಂ, ಅದೇ ಪ್ರಶ್ನೆ. 'ಇಲ್ಲ' ಅಂತ ಟಿಕ್ ಹಾಕಿದ. ಹದಿನೆಂಟು ದಿನಕ್ಕೆ ಹೊಸ ಪ್ರೊಸೆಸರ್ ಕೊರಿಯರ್‌ನಲ್ಲಿ ಬಂತು. ಅಂಗಡಿಗೆ ಬಂದು ಮೈಸೂರು ಪಾಕ್ ಕೊಟ್ಟು ಹೋದ. ತಿಂದೆ, ಗಂಟಲಲ್ಲಿ ಇಳಿಯಲಿಲ್ಲ.

ನನ್ನ ತಕರಾರು ಇಷ್ಟೇ. ಓವರ್‌ಕ್ಲಾಕ್ ಮಾಡಿ ಸುಟ್ಟುಕೊಂಡವನಿಗೆಲ್ಲ ಕಂಪನಿ ಹೊಸದು ಕೊಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಇವತ್ತಿನ ಪದ್ಧತಿ ಸುಳ್ಳು ಹೇಳಿದವನಿಗೆ ನಲವತ್ತು ಸಾವಿರ ಕೊಡುತ್ತದೆ, ನಿಜ ಹೇಳಿದವನಿಂದ ನಲವತ್ತು ಸಾವಿರ ಕಿತ್ತುಕೊಳ್ಳುತ್ತದೆ. ಕಂಪನಿಗೆ ಬೇರೆ ದಾರಿ ಗೊತ್ತಿಲ್ಲವೇ ಅಂದರೆ, ಗೊತ್ತಿದೆ; ಅದನ್ನು ಮುಂದೆ ಹೇಳುತ್ತೇನೆ.

ಪಂಪ್‌ಸೆಟ್ ಮೋಟಾರು ಇಟ್ಟುಕೊಂಡವರಿಗೆ, ಕೆಟ್ಟದ್ದನ್ನು ಬಿಚ್ಚಿ ನೋಡಿ ಕಾರಣ ಹೇಳುವುದಕ್ಕೂ ಮಾಲೀಕನ ಮಾತನ್ನಷ್ಟೇ ಕೇಳಿ ತೀರ್ಮಾನಿಸುವುದಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು. ಕಾಯಿಲ್ ಸುಟ್ಟ ಮೋಟಾರನ್ನು ವೈಂಡಿಂಗ್ ಅಂಗಡಿಗೆ ತಂದರೆ ಆತ ಮುಚ್ಚಳ ತೆಗೆಯುವ ಮುಂಚೆ ಮೂಗಿನಲ್ಲೇ ಹೇಳುತ್ತಾನೆ. ವಾರ್ನಿಷ್ ಕಮಟು. ಬಿಚ್ಚಿದ ಮೇಲೆ ಒಂದು ಫೇಸ್ ಮಾತ್ರ ಕಪ್ಪಾಗಿದೆಯೋ ಮೂರೂ ಕಪ್ಪಾಗಿವೆಯೋ ನೋಡಿ, ಕರೆಂಟಿನ ತಪ್ಪೋ, ಬೋರಿನಲ್ಲಿ ನೀರಿಲ್ಲದೆ ಓಡಿಸಿದ ತಪ್ಪೋ, ಬೇರಿಂಗ್ ಹಿಡಿದ ತಪ್ಪೋ ಅಂತ ವಿಂಗಡಿಸುತ್ತಾನೆ. ಸತ್ತ ಮೋಟಾರು ಮಾತಾಡುತ್ತದೆ. ಪ್ರೊಸೆಸರ್ ಹಾಗಲ್ಲ. ಹುಡುಗನ ಪ್ರೊಸೆಸರಿನ ಮೇಲಿನ ಪೇಸ್ಟ್ ಒರೆಸಿ, ಭೂತಗನ್ನಡಿ ಹಿಡಿದು ನೋಡಿದೆ. ತಳದ ಚಿನ್ನದ ಬಣ್ಣದ ಚುಕ್ಕಿಗಳು ಮೊದಲ ದಿನದ ಹಾಗೆ ಹೊಳೆಯುತ್ತಿದ್ದವು. ಕಲೆ ಇಲ್ಲ, ವಾಸನೆ ಇಲ್ಲ. ಒಳಗೆ ಕೂದಲಿನ ಸಾವಿರ ಪಾಲಿಗಿಂತ ಸಣ್ಣ ತಂತಿಗಳಿವೆ. ವರ್ಷಗಟ್ಟಲೆ ಜೋರು ಕರೆಂಟು ಹರಿದರೆ ಆ ತಂತಿಯ ಲೋಹದ ಕಣಗಳೇ ಹೊಳೆಯ ಮರಳಿನ ಹಾಗೆ ಜರುಗುತ್ತವೆ. ಬಿಸಿ ಹೆಚ್ಚಿದಷ್ಟೂ ಬೇಗ ಜರುಗುತ್ತವೆ. ಕೊನೆಗೆ ಎಲ್ಲೋ ಒಂದು ಕಡೆ ತೆಳುವಾಗುತ್ತದೆ, ಮತ್ತೆಲ್ಲೋ ಗುಡ್ಡೆಯಾಗುತ್ತದೆ. ಓವರ್‌ಕ್ಲಾಕ್ ಮಾಡದ ಪ್ರೊಸೆಸರಿನಲ್ಲೂ ನಿಧಾನವಾಗಿ ಇದೇ ನಡೆಯುತ್ತದೆ. ಹುಡುಗನದು ನಾನು ಒತ್ತಿದ ಗುಂಡಿಯಿಂದ ಸತ್ತಿತೋ, ಕಾರ್ಖಾನೆಯಲ್ಲೇ ಬಡಕಲಾಗಿ ಹುಟ್ಟಿತ್ತೋ ನನಗೆ ಇವತ್ತಿಗೂ ತಿಳಿಯದು. ಸರ್ವಿಸ್ ಸೆಂಟರಿನವರಿಗೂ ತಿಳಿಯದು, ಅವರು ನೋಡಲೇ ಇಲ್ಲವಲ್ಲ. ಶವ ಪರೀಕ್ಷೆ ಆಗದ ಕಡೆ ತಪ್ಪೊಪ್ಪಿಗೆಯೇ ಸಾಕ್ಷಿ.

ಓವರ್‌ಕ್ಲಾಕಿಂಗ್ ಅನ್ನುವುದು ಮೊದಲಿಗೆ ನಿಜಕ್ಕೂ ಕದ್ದು ಮಾಡುವ ಕೆಲಸವಾಗಿತ್ತು. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಅನ್ನುವ ಅಗ್ಗದ ಪ್ರೊಸೆಸರನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಏರಿಸಿ ಓಡಿಸುವುದು ಲೋಕಪ್ರಸಿದ್ಧ ಚಳಕ. ನಾನು ಎಸ್‌.ಪಿ. ರೋಡಿನಲ್ಲಿ ಹೆಲ್ಪರ್ ಆಗಿದ್ದಾಗ ಎಎಂಡಿಯ ಅಥ್ಲಾನ್, ಡ್ಯುರಾನ್ ಬರುತ್ತಿದ್ದವು. ಅವುಗಳ ಮೈ ಮೇಲೆ ಕಂಪನಿ ಕತ್ತರಿಸಿಟ್ಟ ಸಣ್ಣ ಸೇತುವೆಗಳಿದ್ದವು. ಸೀಸದ ಕಡ್ಡಿಯಿಂದ ಆ ಸೇತುವೆಗಳ ತುದಿಗಳ ನಡುವೆ ಗೆರೆ ಎಳೆದರೆ ವೇಗದ ಬೀಗ ಬಿಚ್ಚಿಕೊಳ್ಳುತ್ತಿತ್ತು, ಕಡ್ಡಿಯೊಳಗಿನ ಗ್ರಾಫೈಟ್ ಕರೆಂಟು ಹರಿಸುತ್ತದಲ್ಲ. ಸ್ಕೂಲು ಮಕ್ಕಳ ಪೆನ್ಸಿಲ್ಲು, ಕೈ ನಡುಗಬಾರದು ಅಷ್ಟೇ. ಆ ಕಾಲಕ್ಕೆ 'ವಾರಂಟಿ ಇಲ್ಲ' ಅಂದರೆ ನ್ಯಾಯವಾಗಿಯೇ ಇತ್ತು. ಕಂಪನಿ ಹಾಕಿದ ಬೀಗವನ್ನು ನಾವು ಮುರಿದಿದ್ದೆವು. ಕಂಪನಿಗಳು ಬೀಗ ಹಾಕಿದ್ದಕ್ಕೂ ಕಾರಣವಿತ್ತು. ಕಡಿಮೆ ವೇಗದ ಪ್ರೊಸೆಸರಿನ ಮೇಲಿನ ಅಕ್ಷರ ಉಜ್ಜಿ ಹೆಚ್ಚಿನ ವೇಗದ್ದೆಂದು ಅಚ್ಚು ಹಾಕಿ ಮಾರುವ ಕಳ್ಳರು ತೊಂಬತ್ತರ ದಶಕದಲ್ಲಿ ಎಲ್ಲ ಕಡೆ ಇದ್ದರು.

ಈಗ ಕಥೆ ತಿರುಗಿದೆ. ಬೀಗವಿಲ್ಲದ್ದು ಅನ್ನುವುದೇ ಮಾರಾಟದ ಮಾತಾಗಿದೆ. ಇಂಟೆಲ್ ಹೆಸರಿನ ಕೊನೆಗೆ ಒಂದು 'ಕೆ' ಸೇರಿಸಿ ಹೆಚ್ಚು ಬೆಲೆಗೆ ಮಾರುತ್ತದೆ. ಎಎಂಡಿ ತನ್ನ ರೈಜನ್‌ಗಳಲ್ಲಿ ಹೆಚ್ಚಿನವನ್ನು ಬೀಗವಿಲ್ಲದೆಯೇ ಕೊಡುತ್ತದೆ, ವೇಗ ಏರಿಸಲು ತನ್ನದೇ ಸಾಫ್ಟ್‌ವೇರನ್ನೂ ಬಿಟ್ಟಿಯಾಗಿ ಕೊಡುತ್ತದೆ. ಬಾಗಿಲು ಇಟ್ಟವರು, ಬೀಗದ ಕೈ ಕೊಟ್ಟವರು, ಬನ್ನಿ ಬನ್ನಿ ಅಂತ ಪೋಸ್ಟರ್ ಹಾಕಿದವರು ಎಲ್ಲ ಅವರೇ. ಒಳಗೆ ಕಾಲಿಟ್ಟವನಿಗೆ ಮಾತ್ರ 'ನಮ್ಮನ್ನು ಕೇಳಬೇಡ' ಅನ್ನುವ ಸಾಲು, ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಆ ಸಾಲನ್ನು ಕೊಳ್ಳೇಗಾಲದಲ್ಲಿ ಓದಿದವನು ಬಹುಶಃ ನಾನೊಬ್ಬನೇ, ನಾನೂ ಓದಿದ್ದು ಹೋದ ವರ್ಷ.

ಇದರಲ್ಲಿ ಅಪ್ರಾಮಾಣಿಕತೆ ಇದೆ ಅಂತ ಕಂಪನಿಗಳಿಗೇ ಒಂದು ಕಾಲಕ್ಕೆ ಅನಿಸಿತ್ತೋ ಏನೋ. 2012ರಲ್ಲಿ ಇಂಟೆಲ್ ಒಂದು ಯೋಜನೆ ತಂದಿತು. 20ರಿಂದ 35 ಡಾಲರ್ ಹೆಚ್ಚಿಗೆ ಕಟ್ಟಿದರೆ, ಓವರ್‌ಕ್ಲಾಕ್ ಮಾಡಿ ಸುಟ್ಟುಕೊಂಡರೂ ಒಂದು ಸಲ ಪ್ರೊಸೆಸರ್ ಬದಲಿಸಿಕೊಡುವುದು. ನೇರವಾದ ವ್ಯಾಪಾರ, ವಿಮೆ ಇದ್ದ ಹಾಗೆ. 2021ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಅದೊಂದು ಇದ್ದಿದ್ದರೆ ನಾನು ಹುಡುಗನಿಗೆ ಎರಡೂವರೆ ಸಾವಿರ ಹೆಚ್ಚಿಗೆ ಕಟ್ಟಿಸುತ್ತಿದ್ದೆ, ಈ ಬರಹವೂ ಹುಟ್ಟುತ್ತಿರಲಿಲ್ಲ.

ತಪ್ಪು ಯಾರದು ಅಂತ ಹೇಳುವುದೂ ಅಷ್ಟು ಸುಲಭವಲ್ಲ. 2023ರ ಬೇಸಿಗೆಯಲ್ಲಿ ಎಎಂಡಿಯ ರೈಜನ್ 7000 ಸಾಲಿನ ಕೆಲವು ಪ್ರೊಸೆಸರ್‌ಗಳು ಬೋರ್ಡಿನ ಮೇಲೆಯೇ ಸುಟ್ಟು ಉಬ್ಬಿಹೋದ ಸುದ್ದಿ ಬಂತು. ರ‍್ಯಾಮಿನ ಎಕ್ಸ್‌ಪೋ ಆನ್ ಮಾಡಿದಾಗ ಪ್ರೊಸೆಸರಿನ ಒಂದು ಭಾಗಕ್ಕೆ ಬೋರ್ಡು ಮಿತಿ ಮೀರಿ ವೋಲ್ಟೇಜ್ ಕೊಡುತ್ತಿತ್ತು. ಆಮೇಲೆ ಅದಕ್ಕೆ 1.3 ವೋಲ್ಟಿನ ಗಡಿ ಹಾಕಿದರು. ಬೋರ್ಡು ಕಂಪನಿ ಏಸಸ್ ಹೊಸ ಬಯೋಸ್ ಬಿಟ್ಟಿತು, ಜೊತೆಗೆ ಇದನ್ನು ಹಾಕಿಕೊಂಡರೆ ವಾರಂಟಿ ಇಲ್ಲ ಅನ್ನುವ ಎಚ್ಚರಿಕೆಯನ್ನೂ ಅಂಟಿಸಿತು. ರೋಗಕ್ಕೆ ಮದ್ದು ಕೊಟ್ಟು, ಕುಡಿದರೆ ಆಸ್ಪತ್ರೆಗೆ ಸೇರಿಸಿಕೊಳ್ಳುವುದಿಲ್ಲ ಅಂದ ಹಾಗೆ. ಜನ ಉಗಿದ ಮೇಲೆ, ಎಕ್ಸ್‌ಪೋ ಎಕ್ಸ್‌ಎಂಪಿ ಆನ್ ಮಾಡಿದ್ದರೂ ತನ್ನ ಬೋರ್ಡಿನ ವಾರಂಟಿ ಇರುತ್ತದೆ ಅಂತ ಮೇ ತಿಂಗಳಲ್ಲಿ ಹೇಳಿಕೆ ಕೊಟ್ಟಿತು.

ಮರುವರ್ಷದ್ದು ಇನ್ನೂ ದೊಡ್ಡದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್‌ಗಳು, ಅದರಲ್ಲೂ 24 ಕೋರಿನ ಐ9, ಲೋಕದ ಎಲ್ಲ ಕಡೆ ಸುಮ್ಮಸುಮ್ಮನೆ ಕುಸಿಯತೊಡಗಿದವು. 2024ರ ಏಪ್ರಿಲ್‌ನಲ್ಲಿ ಇಂಟೆಲ್ ಬೆರಳು ತೋರಿದ್ದು ಮದರ್‌ಬೋರ್ಡ್‌ಗಳ ಕಡೆ. ಬೋರ್ಡುಗಳು ಸಾಚಾ ಅಂತಲ್ಲ. ಆ ಐ9ಗೆ ಇಂಟೆಲ್ ಹೇಳುವ ಮಿತಿ 253 ವಾಟ್; ಕೆಲವು ಬೋರ್ಡಿನ ಬಯೋಸ್‌ನಲ್ಲಿ ಕಾರ್ಖಾನೆಯಿಂದಲೇ 4096 ವಾಟ್ ಅಂತ ಬರೆದು ಬರುತ್ತಿತ್ತು. ಐದು ಎಚ್‌ಪಿ ಪಂಪ್‌ಸೆಟ್ ಓಡಲು ಹೆಚ್ಚುಕಡಿಮೆ ಅಷ್ಟು ಸಾಕು! ಆದರೆ ಜುಲೈ ಹೊತ್ತಿಗೆ ಇಂಟೆಲ್ಲೇ ಒಪ್ಪಿಕೊಳ್ಳಬೇಕಾಯಿತು. ಪ್ರೊಸೆಸರಿನೊಳಗಿನ ಮೈಕ್ರೋಕೋಡ್ ಲೆಕ್ಕ ತಪ್ಪಿ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಆಗಸ್ಟ್‌ನಲ್ಲಿ ತಿದ್ದುಪಡಿ ಬಿಟ್ಟರು, ಮೂರು ವರ್ಷದ ವಾರಂಟಿಯನ್ನು ಐದಕ್ಕೆ ಏರಿಸಿದರು, ಹಿಂದೆ ವಾರಂಟಿ ಕೇಳಿ ಸಿಗದೆ ಹೋದವರು ಮತ್ತೆ ಬರಲಿ ಅಂದರು. ಗಿರಾಕಿಯ ಕೈಚಳಕವೋ, ಬೋರ್ಡಿನ ದುರಾಸೆಯೋ, ಪ್ರೊಸೆಸರಿನ ಹುಟ್ಟುದೋಷವೋ ಅಂತ ಹೇಳಲು ಅದನ್ನು ಮಾಡಿದವರಿಗೇ ತಿಂಗಳುಗಟ್ಟಲೆ ಬೇಕಾಯಿತು. ಹನೂರಿನ ಹುಡುಗನ ಪ್ರಕರಣವನ್ನು ಮಾತ್ರ ಒಂದು ಟಿಕ್ ಗುರುತು ನೋಡಿ ನಾಲ್ಕು ದಿನದಲ್ಲಿ ತೀರ್ಮಾನಿಸಲಾಯಿತು.

ಹಾಗಾದರೆ ಏನು ಮಾಡಬೇಕು? ಇಲ್ಲಿ ನನ್ನ ಅಭಿಪ್ರಾಯ ನನ್ನ ಕಸುಬಿನವರಿಗೇ ಹಿಡಿಸುವುದಿಲ್ಲ. 2023ರ ನವೆಂಬರ್‌ನಲ್ಲಿ ಎಎಂಡಿ ತನ್ನ ಥ್ರೆಡ್‌ರಿಪ್ಪರ್ 7000 ಸಾಲನ್ನು ಬಿಟ್ಟಿತು. 64 ಕೋರು, 350 ವಾಟ್; ವರ್ಕ್‌ಸ್ಟೇಷನ್‌ಗೆಂದು ಮಾಡಿದ ಪ್ರೊ ಸಾಲಿನಲ್ಲಿ 96 ಕೋರಿನದೂ ಇದೆ. ನಾನು ಕೈಯಲ್ಲಿ ಹಿಡಿದಿಲ್ಲ, ನಮ್ಮ ಮೂರು ತಾಲ್ಲೂಕಿನಲ್ಲಿ ಅದನ್ನು ಕೇಳಿಕೊಂಡು ಯಾರೂ ನನ್ನ ಅಂಗಡಿಗೆ ಬಂದಿಲ್ಲ. ಅದರೊಳಗೆ ಒಂದು ಫ್ಯೂಸ್ ಇದೆ. ಬಯೋಸ್‌ನಲ್ಲಿ ಓವರ್‌ಕ್ಲಾಕಿಂಗ್ ಆನ್ ಮಾಡಿದ ತಕ್ಷಣ ಆ ಫ್ಯೂಸ್ ಹಾರಿಹೋಗುತ್ತದೆ. ಮತ್ತೆ ಕೂಡುವುದಿಲ್ಲ. ಈ ಪ್ರೊಸೆಸರಿನಲ್ಲಿ ಒಮ್ಮೆ ಓವರ್‌ಕ್ಲಾಕಿಂಗ್ ಆನ್ ಆಗಿತ್ತು ಅನ್ನುವುದಕ್ಕೆ ಅಳಿಸಲಾಗದ ಗುರುತು, ಎಡಗೈ ಬೆರಳಿನ ಮತದಾನದ ಶಾಯಿಯ ಹಾಗೆ. ಶಾಯಿಯಾದರೂ ದಿನ ಕಳೆದ ಹಾಗೆ ಹೋಗುತ್ತದೆ. ಸುದ್ದಿ ಹೊರಬಿದ್ದಾಗ ನಮ್ಮವರೆಲ್ಲ ಕೂಗಾಡಿದರು, ಇದು ಗೂಢಚಾರಿಕೆ ಅಂತ. ಎಎಂಡಿ ಕೊಟ್ಟ ಉತ್ತರವನ್ನು ಯಾರೂ ಸರಿಯಾಗಿ ಓದಲಿಲ್ಲ. ಫ್ಯೂಸ್ ಹಾರಿದ ಮಾತ್ರಕ್ಕೆ ವಾರಂಟಿ ಹೋಗುವುದಿಲ್ಲ. ಓವರ್‌ಕ್ಲಾಕಿಂಗ್‌ನಿಂದಲೇ ಆದ ಹಾನಿಗೆ ಮಾತ್ರ ವಾರಂಟಿ ಇಲ್ಲ. ಅದಕ್ಕೆ ಸಂಬಂಧವಿಲ್ಲದ ದೋಷಕ್ಕೆ ಬದಲಿ ಸಿಗಬಹುದು ಅಂತ ಅವರು ಹೇಳಿದ್ದರು.

ನನಗೆ ಈ ಫ್ಯೂಸ್ ಬೇಕು. ಎಲ್ಲ ಪ್ರೊಸೆಸರಿಗೂ ಬೇಕು. ಫಾರಮ್ಮಿನ ಪ್ರಶ್ನೆಯನ್ನು ಹುಡುಗನಿಗೆ ಕೇಳುವ ಬದಲು ಪ್ರೊಸೆಸರನ್ನೇ ಕೇಳಲಿ. ಆಗ ಯಳಂದೂರಿನವನ ಸುಳ್ಳು ನಡೆಯುವುದಿಲ್ಲ, ಹನೂರಿನವನ ಸತ್ಯ ಅವನ ಕುತ್ತಿಗೆಗೆ ಬರುವುದಿಲ್ಲ. ಜೊತೆಗೆ ಎಷ್ಟು ವೋಲ್ಟೇಜು, ಎಷ್ಟು ಹೊತ್ತು, ಎಷ್ಟು ಡಿಗ್ರಿ ಅನ್ನುವುದನ್ನೂ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಆದರೆ ಈ ಗುರುತನ್ನು ಕಂಪನಿ ಕೈಗೆ ಕೊಡುವುದಾದರೆ ಅದಕ್ಕೊಂದು ಬೆಲೆ ಕೇಳಬೇಕು: ಹಾನಿ ಓವರ್‌ಕ್ಲಾಕಿಂಗ್‌ನಿಂದಲೇ ಆಯಿತು ಅಂತ ತೋರಿಸುವ ಭಾರ ಕಂಪನಿಯದು. ಪ್ರೊಸೆಸರನ್ನು ತರಿಸಿಕೊಂಡು, ಪರೀಕ್ಷಿಸಿ, ಕಾರಣ ಬರೆದು ಕೊಡಬೇಕು. ಬೋರ್ಡು ಕಾರ್ಖಾನೆಯಿಂದಲೇ ಹೊತ್ತು ತಂದ ಸೆಟ್ಟಿಂಗು, ರ‍್ಯಾಮ್ ಬಾಕ್ಸಿನ ಮೇಲೆ ಅಚ್ಚಾದ ವೇಗ, ಇವನ್ನು ಗಿರಾಕಿಯ ತಲೆಗೆ ಕಟ್ಟಬಾರದು.

ಕಂಪನಿಯವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಒಂದು ಪ್ರೊಸೆಸರಿಗೆ ಮನಸ್ಸಿಗೆ ಬಂದಷ್ಟು ವೋಲ್ಟೇಜ್ ಕೊಟ್ಟು, ಸ್ಕೋರಿನ ಚಿತ್ರ ಸ್ಟೇಟಸ್‌ಗೆ ಹಾಕಿ, ಸುಟ್ಟ ಮೇಲೆ ಹೊಸದು ಕೊಡಿ ಅನ್ನುವವರನ್ನು ನಾನೂ ಕಂಡಿದ್ದೇನೆ. ಅವರ ಖರ್ಚು ಉಳಿದವರೆಲ್ಲ ಕೊಡುವ ಬೆಲೆಯಲ್ಲಿ ಸೇರುತ್ತದೆ. ಅಂಥವರನ್ನು ಹಿಡಿಯಲಿಕ್ಕೇ ಫ್ಯೂಸು.

ಕಾನೂನು ಇಲ್ಲವೇ ಅಂದರೆ, ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕಂಪನಿ ಎಲ್ಲೇ ಇರಲಿ, ಗಿರಾಕಿ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗಾದರೆ ಚಾಮರಾಜನಗರದ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಬಹುದು. ಒಂದೇ ಕಡೆಗೆ ವಾಲಿದ ಕರಾರನ್ನು ಅನ್ಯಾಯದ ಕರಾರು ಅಂತ ಕರೆಯುವ ಮಾತೂ ಆ ಕಾಯ್ದೆಯಲ್ಲಿದೆ, ಅದನ್ನು ಹಿಡಿದು ಹೋರಾಡಬೇಕಾದರೆ ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕು. ಇದನ್ನೆಲ್ಲ ಹುಡುಗನಿಗೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡು, "ಅಣ್ಣ, ನಂಗ ಇನ್ನೂ ಏಳ್ ಮದ್ವ ಬಾಕಿ ಅದ" ಅಂದ. ಸೀಸನ್ನಿನಲ್ಲಿ ಒಂದು ದಿನ ಸ್ಟುಡಿಯೋ ಮುಚ್ಚಿದರೆ ಅವನಿಗಾಗುವ ನಷ್ಟ ಯಾವ ಆಯೋಗದ ಲೆಕ್ಕಕ್ಕೂ ಬರುವುದಿಲ್ಲ. ಹೊಸ ಪ್ರೊಸೆಸರಿಗೆ ಅರ್ಧ ಅವನು ಹಾಕಿದ, ಅರ್ಧ ನಾನು. ಗುಂಡಿ ಒತ್ತಿದ್ದು ನನ್ನ ಬೆರಳು ತಾನೇ.

ಅಂದಿನಿಂದ ನನ್ನ ಬಿಲ್ಲಿನ ಹಿಂಬದಿ ಖಾಲಿ ಇರುವುದಿಲ್ಲ. ರ‍್ಯಾಮ್ ಎಷ್ಟಕ್ಕೆ ಓಡುತ್ತಿದೆ, ಪ್ರೊಸೆಸರಿನ ವಾಟ್ ಮಿತಿ ಎಷ್ಟು, ಬೋರ್ಡು ತಾನಾಗಿ ತಂದ ಸೆಟ್ಟಿಂಗ್ ಯಾವುದು, ನಾನು ಬದಲಿಸಿದ್ದು ಯಾವುದು, ಅದರಿಂದ ವಾರಂಟಿಗೆ ಏನಾಗಬಹುದು ಅಂತ ಕನ್ನಡದಲ್ಲಿ ಬರೆದು ಸಹಿ ಹಾಕುತ್ತೇನೆ. ಬಯೋಸ್ ಪರದೆಯ ಫೋಟೋ ತೆಗೆದು ಗಿರಾಕಿಯ ವಾಟ್ಸಾಪ್‌ಗೆ ಹಾಕುತ್ತೇನೆ. ಸ್ಪೀಡ್ ಮಾಡಿಕೊಡಿ ಅಂತ ಬಂದವರಲ್ಲಿ ಅರ್ಧಕ್ಕರ್ಧ ಜನ ಆ ಐದು ಸಾಲು ಓದಿ "ಬ್ಯಾಡ ಬುಡಿ, ಇರೋದೇ ಸಾಕು" ಅನ್ನುತ್ತಾರೆ. ಪಕ್ಕದ ಬೀದಿಯ ಅಂಗಡಿಯವನು ಏನನ್ನೂ ಬರೆಯದೆ ರಾಕೆಟ್ ಗುಂಡಿ ಒತ್ತಿ ಕೊಡುತ್ತಾನೆ, ಒಂದಿಬ್ಬರು ಗಿರಾಕಿ ಅತ್ತ ಹೋಗಿದ್ದೂ ಉಂಟು.

ಹುಡುಗನ ಯಂತ್ರ ಈಗ ಕಂಪನಿ ಹೇಳಿದ ವೇಗದಲ್ಲೇ ಓಡುತ್ತಿದೆ. ವಾಟ್ ಮಿತಿಯನ್ನು ಸ್ವಲ್ಪ ಇಳಿಸಿಯೇ ಇಟ್ಟಿದ್ದೇನೆ. ರೆಂಡರಿಗೆ ನೂರಾ ಮೂರು ನಿಮಿಷ. ಈ ವರ್ಷ ಬಿಸಿಲು ಏರುವ ಮುಂಚೆ ನಾವಿಬ್ಬರೂ ಸೇರಿ ಸ್ಟುಡಿಯೋ ಗೋಡೆಯಲ್ಲಿ ಎರಡು ಇಟ್ಟಿಗೆ ತೆಗೆದು, ಹೋಟೆಲ್ ಅಡುಗೆಮನೆಗೆ ಹಾಕುವಂಥ ಎಕ್ಸಾಸ್ಟ್ ಫ್ಯಾನ್ ಒಂದನ್ನು ಸಿಪಿಯು ಹಿಂದಕ್ಕೆ ಸರಿಯಾಗಿ ಕೂರಿಸಿದೆವು. ಫ್ಯಾನಿಗೆ ಕೊಟ್ಟಿದ್ದು ಒಂದೂಕಾಲು ಸಾವಿರ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಹಿಂದೆ ಫ್ಯಾನಿನ ಗರ್ರ್ ಸದ್ದು.

"ಅಣ್ಣೋ, ಎಪ್ಪತ್ತಾರು ಡಿಗ್ರಿ. ಮಲಿಕತ್ತೀನಿ."